ಕುಂದಿಲ್ಲವೆಂದು ಬರೆದ ಕೊಳ

೧೯೫೭ರ ಆಗಸ್ಟಿನಲ್ಲಿ, ಅರಿಜೋನಾದ ಟೂಸಾನ್ ಊರಿನ ಹಾಲ್ಕಂಬ್ ಮನೆಯ ಈಜುಕೊಳದಲ್ಲಿ ಮಾಲಿಯ ಮಗಳು ಎಲ್ವಿರಾ ಬೊಹೋರ್ಕೆಸ್ ಎರಡು ಪಾದ ಅದ್ದಿದಳು. ಅವಳಿಗೆ ಏಳು ವರ್ಷ. ಮೆಕ್ಸಿಕನ್ನರ ಮಗು ಮುಟ್ಟಿದ ನೀರೆಂದು ಯಜಮಾನ ಅಂದೇ ಸಂಜೆ ಕೊಳವನ್ನು ಬರಿದು ಮಾಡಿಸಿದ. ಅವಳಪ್ಪನ ಕೈಯಿಂದಲೇ ಕ್ಷಾರ ಹಾಕಿ ಉಜ್ಜಿಸಿದ. ಮಗುವಿಗೆ ಯಾರೂ ಹೇಳಲಿಲ್ಲ. ನಸುಕಿನಲ್ಲಿ ಅವಳು ಓಡಿ ಬಂದು, ನೀರಿದೆಯೆಂದು ಹಾರಿದಳು. ವಿಚಾರಣೆಗೆ ಬಂದ ಅಧಿಕಾರಿ ‘ಕೊಳದಲ್ಲಿ ಯಾವ ಕುಂದೂ ಇಲ್ಲ’ ಎಂದು ಬರೆದುಕೊಂಡು ಹೋದ.

“ಆ ಮಾತೊಂದನ್ನ ಬರೀಬೇಡಪ್ಪ,” ಎಂದಳು ಬೇಲಿಯಾಚೆಯ ಮುದುಕಿ, ಆರು ದಶಕ ಕಳೆದ ಮೇಲೆ, ಅದೇ ಕೊಳ ಪರೀಕ್ಷಿಸಲು ಬಂದವನಿಗೆ. ಒಫೇಲಿಯಾ, ಸತ್ತ ಹುಡುಗಿಯ ತಂಗಿ. ಎಪ್ಪತ್ತು ದಾಟಿದ ಒಂಟಿ ಜೀವ. “ನಮ್ಮಜ್ಜಿ ಆ ಮಾತಿಗೇ ಮಾಟ ಕಟ್ಟಿದಾಳೆ. ಹಾಗೆ ಬರೆದೋನ ಗಂಟಲಲ್ಲಿ ನೀರು ಇಳಿಯಲ್ಲ. ಆ ಅಧಿಕಾರಿ ವಾರ ಕಳೆಯೋದ್ರೊಳಗೆ ಸತ್ತ. ಅವನ ಮೇಜಿನ ಮೇಲೆಲ್ಲ ತುಂಬಿದ ಲೋಟಗಳು.”

ವರ್ನನ್ ಟ್ಯಾಕೆಟ್ ನಕ್ಕ. “ಹಾಗಾದ್ರೆ ಬಿಯರ್ ಕುಡೀತೀನಮ್ಮ. ಅದಕ್ಕೂ ಕಟ್ಟಿದಾಳಾ ನಿಮ್ಮಜ್ಜಿ?”

“ನಗಪ್ಪ, ನಗು. ಅವನೂ ನಕ್ಕಿದ್ನಂತೆ.”

ಮನೆ ಕೊಳ್ಳುವವರ ಪರವಾಗಿ ಈಜುಕೊಳ ಪರೀಕ್ಷಿಸುವುದು ವರ್ನನ್ ಕಸುಬು. ಒಹಾಯೊ ಬಿಟ್ಟು ಈ ಊರಿಗೆ ಬಂದು ಆರು ತಿಂಗಳು. ಹೆಂಡತಿ ಬಿಟ್ಟುಹೋಗಿದ್ದಳು, ಊರಾಚೆಯ ತಗಡಿನ ಟ್ರೇಲರ್ ಮನೆಯಲ್ಲಿ ಒಬ್ಬನೇ ಇದ್ದ. ಮನೆ ಮಾರಿಸುವ ದಲ್ಲಾಳಿ ಗೇಲ್ ಪ್ರೂಯಿಟ್ ಕೆಲಸವಿದೆಯೆಂದು ಫೋನ್ ಮಾಡಿದರೆ ಉಂಟು, ಇಲ್ಲವಾದರೆ ವಾರಗಟ್ಟಲೆ ಅವನ ಫೋನು ಉಸಿರೆತ್ತುತ್ತಿರಲಿಲ್ಲ. ಹಾಲ್ಕಂಬ್ ಮನೆ ಈ ತನಕ ಕೈ ಬದಲಿಸಿರಲಿಲ್ಲ. ಈಗ ಕೊಳ್ಳುವವರು ಸಿಯಾಟಲ್‌ನವರು. ಅವರು ನೋಡುವುದು ಪರೀಕ್ಷೆಯ ವರದಿಯ ಕಾಗದವನ್ನು ಮಾತ್ರ. ನಾಲ್ಕು ಗಂಟೆಗೆ ಗೇಲ್ ಬಂದು ಅದನ್ನು ಒಯ್ಯುವವಳಿದ್ದಳು.

ಪಂಪಿನ ಕೋಣೆ ಹಿತ್ತಿಲ ಮೂಲೆಯಲ್ಲಿತ್ತು. ಒಳಗೆ ಕತ್ತಲೆ. ಕ್ಲೋರಿನ್ನಿನ ಘಾಟಿನ ಕೆಳಗೆ ಇನ್ನೇನೋ ವಾಸನೆ, ಒದ್ದೆ ಬೂದಿಯದು. ಟಾರ್ಚಿನ ಬೆಳಕಿಗೆ ಬೋರಲು ಹಾಕಿದ ಮಣ್ಣಿನ ಮಡಕೆ ಕಂಡಿತು. ಸುತ್ತ ಉಪ್ಪಿನ ಬಿಳಿ ಗೆರೆ. ಅರವತ್ತೇಳು ವರ್ಷವಾದರೂ ಆ ಗೆರೆ ಒಂದೆಡೆಯೂ ಚೆದುರಿರಲಿಲ್ಲ. ವರ್ನನ್ ಅದನ್ನು ಬೂಟಿನಿಂದ ಒರೆಸಿ, ಮಡಕೆಯ ಮೇಲೆಯೇ ಕೂತು, ಕಾಗದ ತೆಗೆದ. ನೋಡುವ ಮೊದಲೇ ಕೊನೆಯ ಪುಟ ತುಂಬಿಡುವುದು ಅವನ ರೂಢಿ. ಕುಂದು ಕಂಡರೆ ಆಮೇಲೆ ಹೊಡೆದುಹಾಕಿದರಾಯಿತು. ಬರೆದ: ಕೊಳದಲ್ಲಿ ಯಾವ ಕುಂದೂ ಇಲ್ಲ.

ಬಾಟಲಿ ಎತ್ತಿ ಗುಟುಕರಿಸಿದ. ನೀರು ಗಂಟಲವರೆಗೆ ಹೋಗಿ, ಮುಚ್ಚಿದ ಬಾಗಿಲು ಕಂಡ ಅತಿಥಿಯಂತೆ ಹಿಂದಿರುಗಿತು.

ಕೆಮ್ಮಿದ. ಉಗಿದ. ಮತ್ತೆ ಕುಡಿದ. ಅಂಗಿಯೆಲ್ಲ ಒದ್ದೆಯಾಯಿತು, ನಾಲಗೆ ಒಣಗಿಯೇ ಇತ್ತು. ಸೆಖೆಗೆ ಹೀಗಾಗಿರಬೇಕೆಂದು ಹೊರಗೆ ಬಂದ. ಜೂನಿನ ನಡುಹಗಲು. ಹಕ್ಕಿಯಿಲ್ಲ, ಗಾಳಿಯಿಲ್ಲ. ಪಂಪು ಮಾತ್ರ ಮುದುಕನಂತೆ ಗೊಣಗುತ್ತಿತ್ತು.

ಆಳದ ಕಡೆ ತಳದಲ್ಲೊಂದು ಬಿರುಕಿತ್ತು. ಸೋರುವ ಬಿರುಕಾದರೆ ಕೆಂಪು ಬಣ್ಣ ಬಿಟ್ಟಾಗ ಒಳಗೆಳೆದುಕೊಳ್ಳುತ್ತದೆ. ಬಣ್ಣದ ಕೊಳವೆ ಹಿಡಿದು ಮುಳುಗಿದ. ಬಿಟ್ಟ. ಬಣ್ಣ ಬಿರುಕಿನೊಳಗೆ ಹೋಗಲಿಲ್ಲ. ನೀರಿನಲ್ಲಿ ಕದಡಲೂ ಇಲ್ಲ. ಮೆಲ್ಲಗೆ ತಳಕ್ಕೆ ಇಳಿದು ಕೂತಿತು. ಎರಡು ಪುಟ್ಟ ಪಾದ. ಹತ್ತು ಬೆರಳು.

ಮೇಲಿನ ಬೆಳಕು ಆರಿತು. ಕೊಳದೊಳಗೆ ಕತ್ತಲು. ಬಾಯಿಗೆ ಕ್ಷಾರದ ಉರಿ. ಎಲ್ಲೋ ಬ್ರಶ್ಶು ಉಜ್ಜುವ ಸದ್ದು. ಕರ್. ಕರ್. ಕರ್. ಆಗ ಒಂದು ಸಣ್ಣ ಕೈ ಅವನ ತೋರುಬೆರಳನ್ನು ಹಿಡಿಯಿತು.

ಯಾರಾದರೂ ಅವನ ಕೈ ಹಿಡಿದು ಎರಡು ವರ್ಷವಾಗಿತ್ತು. ಒಂದು ಕ್ಷಣ, ಒಂದೇ ಕ್ಷಣ, ಬಿಡಿಸಿಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ.

ಆ ಕೈ ಕೆಳಕ್ಕೆ ಎಳೆಯಿತು.

ಒದ್ದ. ಒದೆದಾಡಿದ. ಮೇಲೆ ಬಂದ. ಮೆಟ್ಟಿಲಿಗೆ ಬಿದ್ದ. ಎದೆಯುದ್ದ ನೀರಿನಲ್ಲಿ ನಿಂತು ದಾಹದಿಂದ ಸಾಯುತ್ತಿದ್ದ. ತುಟಿ ಬಿರಿದಿತ್ತು. ನಾಲಗೆ ಮರದ ತುಂಡಾಗಿತ್ತು. ಬೊಗಸೆಯೆತ್ತಿದ. ನೀರು ತುಟಿಯ ಬಳಿ ಬಂದು ಎರಡಾಗಿ ಸೀಳಿ ಜಾರಿಹೋಯಿತು. ಮುಖವನ್ನೇ ಅದ್ದಿದ. ಬಾಯಿಯ ಸುತ್ತ ನೀರು ಹಿಂದೆ ಸರಿಯಿತು. ಅವನ ಬಾಯಿಯೇ ಅದಕ್ಕೆ ಮೈಲಿಗೆ.

“ಅಮ್ಮಾ...” ಸ್ವರ ಹೊರಡಲಿಲ್ಲ.

ಬೇಲಿಯಾಚೆ ಒಫೇಲಿಯಾ ಎದ್ದು ನಿಂತಿದ್ದಳು. “ಬರೆದ್ಯಾ? ಬರೆದೇಬಿಟ್ಯಾ, ಹಾಳಾದವನೇ? ಹೊಡೆದುಹಾಕು! ನಡೆದದ್ದನ್ನ ಬರಿ! ಅವಳ ಹೆಸರು ಹಾಕಿ ಬರಿ!”

ಪಂಪಿನ ಕೋಣೆಯತ್ತ ತೆವಳಿದ. ಕಾಗದ ಸಿಕ್ಕಿತು. ಪೆನ್ನು ಸಿಕ್ಕಿತು. ಹಳೆಯ ಸಾಲನ್ನು ಹೊಡೆದುಹಾಕಿದ. ಬರೆದ: ಎಲ್ವಿರಾ ಬೊಹೋರ್ಕೆಸ್. ಏಳು ವರ್ಷ. ಇಲ್ಲಿ ಕೊಂದರು.

ಬಾಟಲಿ ಎತ್ತಿದ. ನೀರು ಗಂಟಲಿಗಿಳಿಯಿತು. ಆದರೆ ಆ ಗುಟುಕೂ ಕ್ಷಾರ, ಮುಂದಿನದೂ ಕ್ಷಾರ, ಬಾಯಿ ಸುಡುವ ಕ್ಷಾರ.

“ಆ ರುಚಿ ಹೋಗಲ್ಲ,” ಎಂದಳು ಮುದುಕಿ, ಈಗ ಮೆತ್ತಗೆ. “ಸಾಯೋತನಕ ಇರುತ್ತೆ. ಉಳಕೊಂಡ್ಯಲ್ಲ, ಅಷ್ಟೇ ಪುಣ್ಯ.”

ನಾಲ್ಕಕ್ಕೆ ಸರಿಯಾಗಿ ಗೇಲ್ ಬಂದಳು. ಅವನ ಹೆಗಲ ಮೇಲಿಂದ ಬಗ್ಗಿ ಓದಿ, ಕಪ್ಪು ಕನ್ನಡಕವನ್ನು ಹಣೆಗೇರಿಸಿದಳು.

“ಏನಿದು ವರ್ನನ್? ಬಿಸಿಲು ತಲೆಗೇರ್ತಾ?”

“ನಡೆದದ್ದು.”

“ನಿನ್ನ ಕೆಲಸ ಪಂಪು, ದೀಪ, ಟೈಲ್ಸು. ಬಿರುಕಿದ್ರೆ ಬರಿ. ಸತ್ತೋರನ್ನ ಬರೀಬೇಡ. ಈ ಸಾಲಲ್ಲಿ ಯಾವ ಮನೇಲಿ ಯಾರು ಸತ್ತಿಲ್ಲ ಹೇಳು?” ಚೀಲದಿಂದ ಹೊಸ ಹಾಳೆ ತೆಗೆದು ಮುಂದೆ ಹಿಡಿದಳು. “ಕುಂದಿಲ್ಲ ಅಂತ ಬರೆದು ಸಹಿ ಹಾಕು.”

“ಬರೆಯಲ್ಲ.”

“ಈ ಊರಲ್ಲಿ ನಿನಗೆ ಫೋನ್ ಮಾಡೋಳು ನಾನೊಬ್ಬಳೇ. ನೆನಪಿರಲಿ.”

“ನೆನಪಿದೆ.”

ಗೇಲ್ ಉಸಿರುಬಿಟ್ಟು, ಅವನ ಕೈಯಲ್ಲಿದ್ದ ಪೆನ್ನಿಗೆ ಕೈಚಾಚಿದಳು. “ಸರಿ ಬಿಡು. ಸಹಿ ನಿಂದೇ ಬೇಕಂತೇನಿಲ್ಲ. ಪೆನ್ನು ಕೊಡು, ನಾನೇ ಬರ್ಕೋತೀನಿ.”

ಅವಳ ಇನ್ನೊಂದು ಕೈಯಲ್ಲಿ ತಣ್ಣೀರಿನ ಬಾಟಲಿ ಬೆವರುತ್ತಿತ್ತು. ವರ್ನನ್ ಅದನ್ನೊಮ್ಮೆ, ಅವಳ ಗಂಟಲನ್ನೊಮ್ಮೆ ನೋಡಿದ. ಪೆನ್ನನ್ನು ಬೆನ್ನ ಹಿಂದೆ ಮುಷ್ಟಿಯಲ್ಲಿ ಬಿಗಿಹಿಡಿದ.

“ಕೊಡಲ್ಲ.”