ಆನೆ ಮೂಸಿದ ಕಿಟಕಿ

ಹಿಂದಿನ ಮಳೆಗಾಲದಲ್ಲಿ ನನ್ನ ಮಗ ತಿಯಾನಿ ಸೋದರಮಾವನ ಕಾರಿನಲ್ಲಿ ಕ್ರೂಗರ್ ಕಾಡಿಗೆ ಪ್ರಾಣಿ ನೋಡಲು ಹೋಗಿದ್ದ. ಶಿಂಗ್ವೆಡ್ಜಿ ನದಿಯ ಪ್ರವಾಹಕ್ಕೆ ಕಾರು ಸಿಕ್ಕಿತು. ಮಾವ ಈಜಿ ದಡ ಸೇರಿದ. ಮಗನ ದೇಹವೂ ಸಿಗಲಿಲ್ಲ.

ಈ ಮಳೆಗಾಲದಲ್ಲಿ ನಾನೂ ನನ್ನ ಗಂಡ ಖಜಾಮುಲಾನೂ ಅದೇ ದಾರಿಯಲ್ಲಿ ಹೋದೆವು. ಕಾರು ನಾನು ಓಡಿಸುತ್ತಿದ್ದೆ. ಮೊಪಾನೆ ಮರಗಳ ಕೆಳಗೆ ಆನೆಗಳ ಹಿಂಡು ಕಂಡು ಎಂಜಿನ್ ಆರಿಸಿದೆ. ಹೆಣ್ಣಾನೆಯೊಂದು ನಮ್ಮಿಬ್ಬರನ್ನೂ ದಾಟಿ ಬಂದು ಹಿಂದಿನ ಕಿಟಕಿಯ ಗಾಜನ್ನು ಬಹಳ ಹೊತ್ತು ಮೂಸಿತು. ಆಮೇಲೆ ಮರಿಯನ್ನು ಕಾಲಡಿಗೆ ಎಳೆದುಕೊಂಡು ಹಿಮ್ಮೆಟ್ಟಿತು.

ಹೊರಟೊಡನೆ ಬೆಲ್ಟ್ ಹಾಕಿಲ್ಲವೆಂದು ಕಾರು ಕೂಗತೊಡಗಿತು.

"ತಿಯಾನಿಯ ಅಪ್ಪಾ, ನಿನ್ನ ಹೊಟ್ಟೆಗೆ ಬೆಲ್ಟ್ ಸಾಲ್ತಿಲ್ವಾ?" ಎಂದೆ.

"ನಂದು ಹಾಕಿದೀನಿ ಮಾರಾಯ್ತಿ. ದೀಪ ನೋಡು, ಹಿಂದಿನ ಸೀಟಿಂದು."

ಹಿಂದೆ ಯಾರೂ ಇರಲಿಲ್ಲ, ಒಂದು ಚೀಲ ಕೂಡ ಇರಲಿಲ್ಲ. ಆದರೆ ಸೀಟು ಒದ್ದೆಯಾಗಿತ್ತು. ಕಾರಿನೊಳಗೆಲ್ಲ ಕೆಸರುನೀರಿನ ವಾಸನೆ.

ಖಜಾಮುಲಾ ಕೈ ಚಾಚಿ ಖಾಲಿ ಸೀಟಿನ ಬೆಲ್ಟನ್ನು ಎಳೆದು ಸಿಕ್ಕಿಸಿದ. ಸದ್ದು ನಿಂತಿತು. ಬೆಲ್ಟು ಮಾತ್ರ ಸೀಟಿಗೆ ಒರಗದೆ, ಒಂದು ಗೇಣು ಮೇಲೆ ಬಿಗಿಯಾಗಿ ನಿಂತಿತು.

"ಮೆಲ್ಲಗೆ ಹೊಡಿ," ಎಂದ ಖಜಾಮುಲಾ, ಅಳುತ್ತಾ. "ಅವನಿಗೆ ವಾಂತಿ ಬರುತ್ತೆ."

ದಾರಿಯುದ್ದಕ್ಕೂ ಇಬ್ಬರೂ ಅವನನ್ನು ಮಾತಾಡಿಸಿದೆವು. ಕಾಡಿನ ಗೇಟು ದಾಟಿ ಹೊರಬರುತ್ತಿದ್ದಂತೆ ಬೆಲ್ಟು ಸಡಿಲಗೊಂಡು ಬಿತ್ತು.

"ತಿರುಗಿಸು, ತಿರುಗಿಸು!" ಎಂದು ಖಜಾಮುಲಾ ಕೂಗಿದ. ಅಷ್ಟರಲ್ಲಿ ಹೊತ್ತು ಮುಳುಗಿ ಕಾವಲಿನವರು ಗೇಟು ಮುಚ್ಚಿದ್ದರು.

ಕಾರು ನಿಲ್ಲಿಸಿ ಹಿಂದಿನ ಸೀಟು ಮುಟ್ಟಿ ನೋಡಿದೆ. ಒಣಗಿತ್ತು. ಇನ್ನೂ ಬೆಚ್ಚಗಿತ್ತು.