ಓಟಗಾರ ಬೈರಪ್ಪನ ಮಗಳು

"ಯೋಗಾನಂದ ಅನ್ನೋರು ನೀವೇನಾ?"

ಆ ದನಿ ಕೇಳಿದ್ದೇ ತಡ, ಗೇಟಿನ ಒಳಗಿದ್ದವನ ಕಣ್ಣು ಅರಳಿತು. ಎರಡು ತಿಂಗಳಿಂದ ದಿನವೂ ಫೋನಿನಲ್ಲಿ ಕೇಳುತ್ತಿದ್ದ ದನಿ!

"ಸ್ಪಂದನಾ...! ಲಾಕ್‌ಡೌನಲ್ಲಿ ಹೇಗ್ ಬಂದ್ರಿ?" ಎನ್ನುತ್ತ ಚಿಲಕ ತೆಗೆದ.

ಫಟಾರ್!

ಬಸವೇಶ್ವರನಗರದ ಆ ಬೀದಿಯಲ್ಲಿ ಹಾಲಿಗೆ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಅವನ ಮಾಸ್ಕ್ ಒಂದು ಕಿವಿಯಿಂದ ಜೋತಾಡುತ್ತಿತ್ತು. ಅವನ ಮುಖವನ್ನು ಅವಳು ಮೊದಲ ಸಲ ಕಂಡಿದ್ದೇ ಹಾಗೆ.

"ಬೈರಪ್ಪ ನಮ್ಮಪ್ಪ," ಎಂದಳು. ಅಷ್ಟೇ. ದೀಪಾಂಜಲಿ ನಗರದಿಂದ ನಡೆದುಕೊಂಡೇ ಬಂದವಳು, ಬಂದ ದಾರಿಯಲ್ಲೇ ಹೊರಟುಹೋದಳು.

ಅವನಿಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಅರ್ಥವಾದ ಮೇಲೆ ಒಳಗೆ ಹೋಗಿ, ತಾನೇ ಬರೆದ ಪುಸ್ತಕದ ನಲವತ್ತನೇ ಪುಟ ತೆರೆದ.

ಯೋಗಾನಂದ ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರು. ಯುದ್ಧದ ಚರಿತ್ರೆ ಅಂದರೆ ಹುಚ್ಚು. ಎಲ್ಲರೂ ಮನೆಯಲ್ಲೇ ಸಿಕ್ಕಿಕೊಂಡಿದ್ದ ಆ ದಿನಗಳಲ್ಲಿ, ತನ್ನಂಥದೇ ಹುಚ್ಚಿನವರಿಗಾಗಿ ಯುದ್ಧಗಳ ಬಗ್ಗೆ ಇ-ಪುಸ್ತಕ ಬರೆದು ವಾಟ್ಸಾಪ್ ಗುಂಪಿನಲ್ಲಿ ಪುಕ್ಕಟೆ ಹಂಚತೊಡಗಿದ್ದ. ರಾಜಾಜಿನಗರದ ಪ್ರೆಸ್ಸೊಂದರಲ್ಲಿ ಡಿಟಿಪಿ ಮಾಡುತ್ತಿದ್ದ ಸ್ಪಂದನಾ, ಕೆಲಸವಿಲ್ಲದೆ ಕೂತವಳು, ಮೊದಲ ಪುಸ್ತಕ ಓದಿ ಫೋನ್ ಮಾಡಿದ್ದಳು.

"ಸಾರ್, ಒಂದೇ ಪುಟದಲ್ಲಿ ಒಂಬತ್ತು ಕಾಗುಣಿತದ ತಪ್ಪು. ನೀವು ಮೇಷ್ಟ್ರಾ?"

"ಹಾಗಾದ್ರೆ ನೀವೇ ತಿದ್ದಿ ಕೊಡಿ ಮೇಡಂ!"

ನಾಲ್ಕು ಪುಸ್ತಕ ತಿದ್ದುವಷ್ಟರಲ್ಲಿ ಮಾತು ಪುಸ್ತಕ ಬಿಟ್ಟು ಎಲ್ಲೆಲ್ಲಿಗೋ ಹೋಗಿ, ಒಬ್ಬರ ಮನೆ ವಿಳಾಸ ಇನ್ನೊಬ್ಬರಿಗೆ ಗೊತ್ತಾಗಿತ್ತು. ಅಪ್ಪ ಬಿನ್ನಿಪೇಟೆಯ ಮಿಲ್ಲಿನಲ್ಲಿದ್ದರು ಎಂದಷ್ಟೇ ಅವಳು ಹೇಳಿದ್ದಳು. ಅದಕ್ಕೂ ಮುಂಚೆ ಸೈನ್ಯದಲ್ಲಿದ್ದರು ಎಂಬುದು ಮನೆಯಲ್ಲಿ ಯಾರೂ ಆಡಬಾರದ ಮಾತು. ಯಾಕೆಂದು ಅವಳಿಗೂ ಗೊತ್ತಿರಲಿಲ್ಲ.

ಐದನೆಯ ಪುಸ್ತಕವನ್ನು ಅವನು ಅವಳಿಗೆ ತೋರಿಸದೆ ಹೊರತಂದ. ಮೊದಲ ಪುಟದಲ್ಲಿ ಒಂದೇ ಸಾಲು... 'ನನ್ನ ಸ್ಪಂದನಾಗೆ.'

ನನ್ನ! ಆ ಒಂದು ಪದವನ್ನು ಅವಳು ಮತ್ತೆ ಮತ್ತೆ ಓದಿದಳು. ಓಡಿಹೋಗಿ ಮೊಬೈಲನ್ನು ಅಪ್ಪನ ಕೈಗಿಟ್ಟಳು. "ಅಪ್ಪಾ, ನೋಡಿ... ನನ್ ಹೆಸರು!"

ಅಪ್ಪ ನಕ್ಕರು. ಮಗಳ ಹೆಸರಿರುವ ಪುಸ್ತಕವಲ್ಲವೇ, ಕನ್ನಡಕ ಹಾಕಿಕೊಂಡು ಮುಂದೆ ಓದಿದರು. ನಲವತ್ತನೇ ಪುಟದಲ್ಲಿ ಅಧ್ಯಾಯದ ಹೆಸರು 'ಓಟಗಾರ ಬೈರಪ್ಪ.'

ಐವತ್ತು ವರ್ಷದ ಹಿಂದೆ ಗಡಿಯ ಠಾಣೆಯೊಂದರಿಂದ ಓಡಿಹೋದ ಸಿಪಾಯಿ. ಹಳೆಯ ಅಧಿಕಾರಿಯೊಬ್ಬರ ಟಿಪ್ಪಣಿಯಲ್ಲಿದ್ದದ್ದು ಒಂದೇ ಸಾಲು. ಯೋಗಾನಂದ ಅದನ್ನು ಮೂರು ಪುಟ ಮಾಡಿದ್ದ, ಓದುಗರು ನಗಲಿ ಎಂದು. ಬೈರಪ್ಪ ಚಡ್ಡಿ ಒದ್ದೆ ಮಾಡಿಕೊಂಡ, ಬಂದೂಕಿಗಿಂತ ಮೊದಲು ಚಪ್ಪಲಿ ಹುಡುಕಿದ... ಗುಂಪಿನಲ್ಲಿ ನಗುವಿನ ಸುರಿಮಳೆ. ಪುಸ್ತಕ ಸಾವಿರಾರು ಮೊಬೈಲಿಗೆ ಹೋಗಿತ್ತು.

ಅಪ್ಪ ಮೊಬೈಲನ್ನು ಮೆಲ್ಲಗೆ ಕೆಳಗಿಟ್ಟರು. "ನಿನ್ ಕೈಯಾರೆ ತಂದುಕೊಟ್ಯಲ್ಲಮ್ಮಾ..." ಎಂದರು.

ಆಮೇಲೆ ಮೂರು ದಿನ ಅವರು ತಟ್ಟೆ ಮುಟ್ಟಲಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ಸ್ಪಂದನಾ ಚಪ್ಪಲಿ ಮೆಟ್ಟಿ ಬಸವೇಶ್ವರನಗರಕ್ಕೆ ಹೊರಟಿದ್ದಳು.

ಮರುದಿನ ಯೋಗಾನಂದ ಸ್ಪಂದನಾಳ ಮನೆ ಬಾಗಿಲಲ್ಲಿ ನಿಂತಿದ್ದ. ವಿಜಯನಗರದಲ್ಲಿ ಪೊಲೀಸರ ಲಾಠಿ ತಿಂದು ಬಂದಿದ್ದ.

"ಯಾಕ್ ಬಂದ್ರಿ? ನಗೋದಕ್ಕೆ ಇನ್ನೇನಾದ್ರೂ ಬಾಕಿ ಇದ್ಯಾ?" ಅವಳು ಬಾಗಿಲಿಗೆ ಅಡ್ಡ ನಿಂತಳು.

"ಬಿಡಮ್ಮ, ಒಳಗೆ ಬರ್ಲಿ." ಬೈರಪ್ಪನವರ ದನಿ.

ಚಾಪೆಯ ಮೇಲೆ ಕೂತಿದ್ದ ಅವರ ಕಾಲಿಗೆ ಅವನು ಬಗ್ಗಿದ. ಅವರು ಕಾಲು ಹಿಂದಕ್ಕೆಳೆದುಕೊಂಡರು.

"ಪುಸ್ತಕ ತೆಗೀರಿ. ಆ ಅಧ್ಯಾಯ ಓದಿ."

"ಸಾರ್... ಬೇಡ ಸಾರ್..."

"ನೀವೇ ಬರ್ದಿದ್ದಲ್ವಾ? ಜೋರಾಗಿ ಓದಿ. ನನ್ ಮಗಳಿಗೂ ಕೇಳ್ಲಿ."

ಓದಿದ. ಚಡ್ಡಿಯ ಸಾಲು ಬಂದಾಗ ಮೊಬೈಲ್ ಕೆಳಗಿಳಿಸಿದ. "ಪೂರ್ತಿ," ಎಂದರು ಬೈರಪ್ಪ. ಅಳುತ್ತಲೇ ಓದಿದ. ಸ್ಪಂದನಾ ಗೋಡೆಗೆ ಮುಖ ಮಾಡಿ ನಿಂತಿದ್ದಳು. ದೇವರೇ, ಇವನು ಸುಳ್ಳು ಬರೆದಿದ್ದಾನೆ ಅಂತ ಅಪ್ಪ ಒಂದೇ ಒಂದು ಮಾತು ಹೇಳಲಿ...!

"ಓಡಿದ್ದು ನಿಜ," ಎಂದರು ಬೈರಪ್ಪ.

ಅವಳು ತಿರುಗಿದಳು. "ಅಪ್ಪಾ!"

"ಓಡ್ದೆ ಕಣಮ್ಮ. ಇಪ್ಪತ್ತು ವರ್ಷ ನಂಗೆ. ಪಕ್ಕದಲ್ಲೇ ರೇವಣಸಿದ್ದ ಬಿದ್ದಿದ್ದ, ಹೊಟ್ಟೆಗೆ ಗುಂಡು. 'ಬಿಟ್ ಹೋಗ್ಬೇಡ ಕಣೋ' ಅಂತ ಕೂಗ್ತಾನೇ ಇದ್ದ. ಬಿಟ್ಟು ಓಡ್ದೆ."

ಬೈರಪ್ಪ ಯೋಗಾನಂದನನ್ನೇ ದಿಟ್ಟಿಸಿದರು.

"ನನ್ ಬಗ್ಗೆ ಮೂರು ಪುಟ ಬರ್ದಿದ್ದೀರಿ ಮೇಷ್ಟ್ರೇ. ಸತ್ತೋನ ಹೆಸರು ಒಂದ್ ಕಡೇನೂ ಇಲ್ಲ. ಅವನ ಹೆಸರು ಹಾಕಿ. ನನ್ನದನ್ನ ಅಳಿಸ್ಬೇಡಿ."

"ನಿಮ್ಮನ್ನ ನೋಡಿ ಜನ ನಗ್ತಾರೆ ಸಾರ್..."

"ಆಗ್ಲೇ ನಗ್ತಿದ್ದಾರೆ. ರೇಷನ್ ಅಂಗಡೀಲಿ ನಿನ್ನೆ, ನಾನು ಸೈನ್ಯದಲ್ಲಿದ್ದದ್ದು ಗೊತ್ತಿರೋ ಒಬ್ಬ, ಓಟಗಾರ ಅಂತ್ಲೇ ಕರ್ದ. ನೀವು ಕೊಟ್ಟ ಹೆಸರು, ನಾನು ಸಾಯೋವರ್ಗೂ ಇರುತ್ತೆ. ಆ ಹುಡುಗ ಹೇಗೆ ಸತ್ತ ಅಂತಾದ್ರೂ ಜನಕ್ಕೆ ಗೊತ್ತಾಗ್ಲಿ. ನಾನು ಹೇಳ್ತೀನಿ, ನೀವು ಬರೀರಿ. ಒಂದ್ ದಿನಕ್ಕೆ ಮುಗಿಯಲ್ಲ."

ಅಷ್ಟು ಹೇಳಿ ಗೋಡೆ ಕಡೆಗೆ ಹೊರಳಿ ಮಲಗಿಬಿಟ್ಟರು.

ಸ್ಪಂದನಾ ಅವನನ್ನು ಹೊಸಿಲಿನವರೆಗೆ ಕಳಿಸಲು ಬಂದಳು. ಅವನ ಅಂಗಿಯ ತೋಳಿನಡಿ ಲಾಠಿಯ ಬಾಸುಂಡೆ ಕಂಡಿತು. ಮುಟ್ಟಬೇಕೆನಿಸಿತು. ಮುಟ್ಟಲಿಲ್ಲ.

"ನಿಮ್ಮಪ್ಪ ನನ್ನ ಯಾವತ್ತೂ ಕ್ಷಮಿಸಲ್ಲ," ಎಂದ.

"ಇಲ್ಲ."

"ನೀವು?"

"ನಾನೂ ಇಲ್ಲ." ಅವಳ ಕಣ್ಣು ತುಂಬಿತು. "ಆದ್ರೆ... ಫೋನ್ ರಿಂಗಾದ್ರೆ ಈಗ್ಲೂ ನೀವೇನಾ ಅಂತ ನೋಡ್ತೀನಿ. ನಾಚಿಕೆ ಆಗುತ್ತೆ ನಂಗೆ. ನಿಮ್ಮ ಮೇಲೆ ಇಷ್ಟು ಸಿಟ್ಟಿಟ್ಕೊಂಡು, ಇಷ್ಟು ಪ್ರೀತಿನೂ ಇಟ್ಕೊಂಡು ಹೇಗ್ರೀ ಬದುಕೋದು?"

"ನಾಳೆಯಿಂದ ದಿನಾ ಬೆಳಗ್ಗೆ ಬರ್ಲಾ?" ಎಂದಷ್ಟೇ ಕೇಳಿದ.

"ಬನ್ನಿ."

"ಎಷ್ಟು ದಿನ ಬರ್ಲಿ, ಸ್ಪಂದನಾ?"

"ನಾನು ಸಾಕು ಅನ್ನೋವರ್ಗೂ."

"ಯಾವಾಗ ಅಂತೀರಾ?"

ಅವಳು ಬಾಗಿಲನ್ನು ಅರ್ಧ ಮುಚ್ಚಿ, ಸಂದಿಯಿಂದ ಮೆಲ್ಲಗೆ ಹೇಳಿದಳು.

"ಅನ್ನಲ್ಲ."