ಎಡಗಡೆಯ ಕುರ್ಚಿ

"ನನ್ನ ಮುಖಾ ನೋಡಾಕೂ ಬ್ಯಾಡಾಗೇದೇನ ನಿನಗ?"

ಪರೇಲಿನ ಆಸ್ಪತ್ರೆಯ ವಾರ್ಡಿನಲ್ಲಿ ಸ್ನೇಹಲ್‌ಳ ದನಿ ಏರಿತು. ಪಕ್ಕದ ಹಾಸಿಗೆಯವರೂ ತಿರುಗಿ ನೋಡಿದರು. ತಿಲಕ್ ಮಾತ್ರ ನೋಡಲಿಲ್ಲ. ಬಲಗಡೆ ಕೂತಿದ್ದ ತಾಯಿ ಸೇವಂತಿಯತ್ತ ತಿರುಗಿ, "ಎಂತ ಅಮ್ಮ?" ಎಂದ.

ಅವಳ ಮೈಯೆಲ್ಲ ಉರಿದುಹೋಯಿತು.

ಹನ್ನೆರಡು ದಿನಗಳಿಂದ ಇದೇ ಕಥೆ. ಗ್ರಾಂಟ್ ರೋಡಿನ ತನ್ನ ಹೋಟೆಲಿನಲ್ಲಿದ್ದಾಗಲೇ ತಿಲಕ್‌ಗೆ ಪಾರ್ಶ್ವವಾಯು ಬಡಿದು ಎಡಗೈ, ಎಡಗಾಲು ಸೋತಿದ್ದವು. ಅದರ ಹಿಂದಿನ ದಿನವಷ್ಟೇ ಇಬ್ಬರಿಗೂ ಜಗಳವಾಗಿತ್ತು. ಮದುವೆಯ ತಾರೀಖನ್ನು ಅವನು ಮೂರನೇ ಸಲ ಮುಂದೂಡಿದ್ದ. "ಇನ್ನ ಮ್ಯಾಲೆ ನನಗ ಮುಖಾ ತೋರಿಸಬ್ಯಾಡ" ಎಂದು ಅವಳೇ ಫೋನಿಟ್ಟಿದ್ದಳು.

ಅದಕ್ಕೇ ಈ ಶಿಕ್ಷೆಯೇ?

ದಿನಾ ದಹಿಸರ್‌ನಿಂದ ಲೋಕಲ್ ರೈಲು ಹಿಡಿದು ಬಂದು ಎಡಗಡೆಯ ಕುರ್ಚಿಯಲ್ಲಿ ಕೂತರೂ ಒಂದು ನೋಟವಿಲ್ಲ. ತಟ್ಟೆಯಲ್ಲಿ ಅಮ್ಮನ ಇಡ್ಲಿ ಖಾಲಿಯಾಗುತ್ತಿತ್ತು, ಎಡ ಅಂಚಿಗೆ ಇವಳಿಟ್ಟ ಹೋಳಿಗೆ ಹಾಗೇ ಉಳಿಯುತ್ತಿತ್ತು. ಮಗನಿಗೆ ಸಿಟ್ಟಿರಬೇಕೆಂದು ಸೇವಂತಿಯೂ ಅವನೆದುರು ಇವಳ ಸುದ್ದಿ ಎತ್ತುತ್ತಿರಲಿಲ್ಲ.

ಸಾಕು... ನಾಳೆಯಿಂದ ಬರುವುದಿಲ್ಲ. ಅವಳು ಬ್ಯಾಗ್ ಹೆಗಲಿಗೇರಿಸಿದಳು.

ಅಷ್ಟರಲ್ಲಿ ಥೆರಪಿಸ್ಟ್ ಲಾವಣ್ಯಾ ಟ್ಯಾಬ್ ಹಿಡಿದು ಬಂದಳು. ಪರದೆಯ ತುಂಬ ನಕ್ಷತ್ರಗಳಿದ್ದವು. "ಎಲ್ಲಾ ನಕ್ಷತ್ರ ಮುಟ್ಟಿ, ತಿಲಕ್."

ಅವನು ಒಂದೊಂದಾಗಿ ಮುಟ್ಟಿದ. "ಆಯ್ತು."

"ಇನ್ನೊಮ್ಮೆ ನೋಡಿ."

"ಇನ್ನೊಂದೂ ಇಲ್ವಲ್ಲ ಮಾರಾಯ್ರೆ."

ಹೊರಟಿದ್ದ ಸ್ನೇಹಲ್ ನಿಂತಳು. ಪರದೆಯ ಎಡಗಡೆಯ ನಕ್ಷತ್ರಗಳೆಲ್ಲ ಹಾಗೇ ಇದ್ದವು.

"ಕಣ್ಣು ಸರಿಯಾಗಿದೆ," ಲಾವಣ್ಯಾ ಮೆಲ್ಲಗೆ ಹೇಳಿದಳು. "ಆದ್ರೆ ಸ್ಟ್ರೋಕ್ ಆದ್ಮೇಲೆ ಇವರ ಮಿದುಳು ಎಡಗಡೆಯನ್ನ ಗಮನಿಸ್ತಾ ಇಲ್ಲ. ಆ ಕಡೆಯಿಂದ ಮಾತಾಡಿದ್ರೂ ಬಲಗಡೆಗೇ ತಿರುಗ್ತಾರೆ."

ಸ್ನೇಹಲ್‌ಳ ಸಿಟ್ಟು ಈಗ ಲಾವಣ್ಯಾಳ ಮೇಲೆ ತಿರುಗಿತು. "ಹನ್ನೆರಡ ದಿನಾ ಯಾರೂ ಯಾಕ ಹೇಳಲಿಲ್ಲ? ನಾ ಇಲ್ಲೇ ಕೂತು ಒಳಗೊಳಗ ಸಾಯಲಿಕ್ಕತ್ತಿದ್ದೆ!"

"ಈ ಪರೀಕ್ಷೆ ಮೊದಲೇ ಆಗ್ಬೇಕಿತ್ತು. ತಪ್ಪು ನಮ್ಮದೇ."

ಸೇವಂತಿ ಕಣ್ಣೊರೆಸಿಕೊಂಡು ಎದ್ದರು. "ಈಚೆ ಬಾ ಮಗಾ, ನನ್ನ ಜಾಗದಲ್ಲಿ ಕೂತ್ಕೋ."

"ಬ್ಯಾಡ್ರಿ. ಅವನೇ ತಿರುಗಲಿ. ತಿರುಗಾಕ ಬರ್ತದಿಲ್ಲೋ?"

"ಬರುತ್ತೆ," ಎಂದಳು ಲಾವಣ್ಯಾ. "ಆದ್ರೆ ಎಡಗಡೆಯಿಂದ ಕರೀತಾನೇ ಇರ್ಬೇಕು. ದಿನಾ."

ಸ್ನೇಹಲ್ ಬ್ಯಾಗ್ ಕೆಳಗಿಟ್ಟು ಅವನ ಮೇಲೆ ಬಾಗಿದಳು. "ತಿಲಕ್, ಈ ಕಡೆ. ಇನ್ನೂ... ನಿಲ್ಲಬ್ಯಾಡ, ಇನ್ನೂ."

ಅವನ ಮುಖ ಇಂಚಿಂಚಾಗಿ ತಿರುಗಿತು. ಕಡೆಗೂ ಕಣ್ಣುಗಳು ಅವಳ ಮುಖದ ಮೇಲೆ ನಿಂತವು.

"ಸ್ನೇಹಾ... ಈಗ ಬಂದ್ಯಾ?"

"ಹನ್ನೆರಡ ದಿನದಿಂದ ಇಲ್ಲೇ ಅದೀನಿ, ಹುಚ್ಚಾ."

"ನಿನ್ನ ಸ್ವರ ಕೇಳ್ತಿತ್ತು. ಕನಸು ಅಂತ ಗ್ರಹಿಸಿದೆ. ನೀನು ಬರುದಿಲ್ಲ ಅಂತ..." ಅವನ ಕಣ್ಣು ತುಂಬಿತು. "ಇನ್ನೂ ಸಿಟ್ಟುಂಟಾ?"

"ಭಾಳ ಅದ. ಜನ್ಮಪೂರ್ತಿ ಬೈತೀನಿ."

"ಹಾಗಾದ್ರೆ ತಾರೀಖು ನೀನೇ ಹೇಳು. ಈ ಸಲ ನಾನು ಮುಂದೆ ಹಾಕುದಿಲ್ಲ."

ಅವನ ಮುಖ ಮತ್ತೆ ಬಲಕ್ಕೆ ಜಾರತೊಡಗಿತು. ಅವಳು ಕೆನ್ನೆಗೆ ಅಂಗೈಯಿಟ್ಟು ತಡೆದಳು.

"ಎಲ್ಲಿ ಹೊಂಟಿ? ಇಲ್ಲೇ ನೋಡು."

"ನೋಡ್ತಾ ಇದ್ದೇನೆ," ಎಂದ ತಿಲಕ್.